ವಾರಾಂತ್ಯದ ಬೇಹುಗಾರರು ಮತ್ತು ಬಿಡಿಭಾಗಗಳ ಡಬ್ಬ

ಅಬು ಘ್ರೈಬ್ ಜೈಲಿನ ವಿಷಯ ಎತ್ತಿದರೆ ಸಾಕು, ಒಂದು ರೆಡಿಮೇಡ್ ಉತ್ತರ ಬಂದು ಮುಖಕ್ಕೆ ರಾಚುತ್ತದೆ. "ಅದು ಅಸಲಿ ಸೈನ್ಯದ ಕೆಲಸ ಅಲ್ಲ ಕಣ್ರೀ. ಅವರೆಲ್ಲ ರಿಸರ್ವ್‌ನವರು. ವಾರವೆಲ್ಲ ಅಂಗಡಿ, ಆಫೀಸು ನೋಡಿಕೊಂಡು ತಿಂಗಳಿಗೊಂದು ಶನಿವಾರ ಭಾನುವಾರ ಯೂನಿಫಾರ್ಮ್ ಹಾಕಿಕೊಳ್ಳೋ ಜನ. ಅಂಥವರ ಕೈಗೆ ಕೈದಿಗಳನ್ನ ಕೊಟ್ಟರೆ ಇನ್ನೇನಾಗುತ್ತೆ?" 2004ರಲ್ಲಿ ಆ ಫೋಟೋಗಳು ಹೊರಬಂದಾಗ ಶುರುವಾದ ಈ ಮಾತು ಇಪ್ಪತ್ತು ವರ್ಷ ದಾಟಿದರೂ ನಿಂತಿಲ್ಲ. ಎಷ್ಟು ಅನುಕೂಲದ ಉತ್ತರ ನೋಡಿ! ಖಾಯಂ ಸೈನ್ಯದ ಮರ್ಯಾದೆ ಉಳಿಯಿತು, ದೊಡ್ಡ ಅಧಿಕಾರಿಗಳ ಪಿಂಚಣಿ ಉಳಿಯಿತು, ಕೇಳಿಸಿಕೊಂಡವನಿಗೂ ರಾತ್ರಿ ನೆಮ್ಮದಿಯ ನಿದ್ದೆ ಬಂತು.

ಈ ಉತ್ತರ ಅರ್ಧ ಸತ್ಯ ಸ್ವಾಮಿ. ಪೂರ್ತಿ ಸುಳ್ಳನ್ನು ಹಿಡಿಯುವುದು ಸುಲಭ, ಅರ್ಧ ಸತ್ಯವನ್ನು ಹಿಡಿಯುವುದೇ ಕಷ್ಟ. ಅಲ್ಲಿ ಮೀಸಲು ಪಡೆಯವರು ಇದ್ದದ್ದು ನಿಜ, ತಪ್ಪು ಮಾಡಿದ್ದೂ ನಿಜ. ಅದನ್ನು ಯಾರೂ ಮುಚ್ಚಿಡಬೇಕಾಗಿಲ್ಲ. ಆದರೆ ಅವರು ಅರೆಕಾಲಿಕರು ಅನ್ನುವ ಕಾರಣಕ್ಕೇ ಹಾಗಾಯಿತು ಅನ್ನುವುದು ಮಾತ್ರ ಶುದ್ಧ ತಲೆಹರಟೆ. ನನ್ನ ವಾದ ಇಷ್ಟೇ: ಮೀಸಲು ಬೇಹುಗಾರಿಕೆ ಘಟಕಕ್ಕೆ ಬೆಲೆ ಇರುವುದು ಅದು ಒಂದು ಘಟಕವಾಗಿ ಇದ್ದಾಗ. ಅದನ್ನು ಬಿಡಿಭಾಗಗಳ ಡಬ್ಬದ ಹಾಗೆ ನೋಡಿ, ಇಲ್ಲಿಂದ ಒಬ್ಬ ಅಲ್ಲಿಂದ ಇಬ್ಬರು ಅಂತ ಕಿತ್ತು ಜೋಡಿಸಿದ ದಿನವೇ ಅದು ಸತ್ತುಹೋಯಿತು. ಆಮೇಲೆ ಏನೇ ಅನಾಹುತ ಆದರೂ ಅದರ ಮೊದಲ ಹೊಣೆ ಕಿತ್ತು ಜೋಡಿಸಿದ ಕೈಯದ್ದು.

"ಅಮೆರಿಕಾದ ಸೈನ್ಯದ ಉಸಾಬರಿ ನಮಗ್ಯಾಕೆ ಮಾರಾಯ?" ಅಂತ ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಟೆರಿಟೋರಿಯಲ್ ಆರ್ಮಿಯೂ ಇತ್ತೀಚೆಗೆ ಭಾಷೆ ಬಲ್ಲವರನ್ನು ಸೇರಿಸಿಕೊಳ್ಳಲು ಶುರುಮಾಡಿದೆ. ಹಾಗಾಗಿ ಪಕ್ಕದ ಮನೆಯಲ್ಲಿ ಬೆಂಕಿ ಹೇಗೆ ಹತ್ತಿತು ಅಂತ ತಿಳಿದುಕೊಂಡಿರುವುದು ಒಳ್ಳೆಯದು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಈ ಮೀಸಲು ಬೇಹುಗಾರಿಕೆ ಘಟಕ ಅಂದರೆ ಏನು ಅಂತ ನೋಡೋಣ. ಅಮೆರಿಕಾದ ಭೂಸೇನೆಯಲ್ಲಿ ಮೂರು ಭಾಗ. ಒಂದು, ಪೂರ್ಣಾವಧಿ ಸೈನ್ಯ. ಎರಡು, ನ್ಯಾಷನಲ್ ಗಾರ್ಡ್. ಇದು ಮಾಮೂಲಿ ದಿನಗಳಲ್ಲಿ ಆಯಾ ರಾಜ್ಯದ ಗವರ್ನರ್ ಕೈಕೆಳಗೆ ಇರುತ್ತದೆ, ಕೇಂದ್ರ ಕರೆದರೆ ಯುದ್ಧಕ್ಕೆ ಹೊರಡುತ್ತದೆ. ಮೂರು, ಆರ್ಮಿ ರಿಸರ್ವ್. ಇದು ಪೂರ್ತಿ ಕೇಂದ್ರದ್ದೇ. ಕೊನೆಯ ಎರಡರಲ್ಲಿ ಇರುವವರಿಗೆ ತಿಂಗಳಿಗೊಂದು ವಾರಾಂತ್ಯ ಕವಾಯತು, ವರ್ಷಕ್ಕೊಮ್ಮೆ ಎರಡು ವಾರದ ತರಬೇತಿ. ಲೆಕ್ಕ ಹಾಕಿದರೆ ಸುಮಾರು 39 ದಿನ. ಮಿಕ್ಕ 326 ದಿನ ಅವರು ಮೇಷ್ಟ್ರು, ವಕೀಲರು, ಪೊಲೀಸರು, ನಮ್ಮ ನಿಮ್ಮ ಹಾಗೆ ಕಂಪ್ಯೂಟರ್ ಕುಟ್ಟುವವರು.

ಆರ್ಮಿ ರಿಸರ್ವ್‌ನಲ್ಲಿ ಲಾರಿ ಓಡಿಸುವ, ಆಸ್ಪತ್ರೆ ನಡೆಸುವ, ಪೆಟ್ರೋಲ್ ಸಾಗಿಸುವ ಘಟಕಗಳ ಜೊತೆಗೆ ಮಿಲಿಟರಿ ಇಂಟೆಲಿಜೆನ್ಸ್ ಘಟಕಗಳೂ ಇವೆ. ಸಿನಿಮಾದಲ್ಲಿ ತೋರಿಸುವ ಕರಿ ಕನ್ನಡಕದ ಕೆಲಸ ಅಲ್ಲ ಇದು. ಒಬ್ಬ ರಾಶಿ ರಾಶಿ ವರದಿಗಳನ್ನು ಓದಿ ವಿಶ್ಲೇಷಣೆ ಮಾಡುತ್ತಾನೆ. ಇನ್ನೊಬ್ಬ ಕೈದಿಗಳನ್ನೋ ಊರಿನ ಜನರನ್ನೋ ಮಾತಾಡಿಸಿ ಮಾಹಿತಿ ತೆಗೆಯುತ್ತಾನೆ. ಮತ್ತೊಬ್ಬ ಶತ್ರುವಿನ ರೇಡಿಯೋ, ಫೋನ್ ಮಾತು ಕೇಳಿಸಿಕೊಳ್ಳುತ್ತಾನೆ. ಮಗದೊಬ್ಬ ತಮ್ಮೊಳಗೇ ಸೇರಿಕೊಂಡ ಶತ್ರುವಿನ ಬೇಹುಗಾರರನ್ನು ಹುಡುಕುತ್ತಾನೆ. ಇವರಲ್ಲಿ ಹಲವರಿಗೆ ಅರಿಜೋನಾದ ಫೋರ್ಟ್ ವಾಚುಕಾದಲ್ಲಿ ತರಬೇತಿ. ಭಾಷೆಯವರಿಗೆ ಕ್ಯಾಲಿಫೋರ್ನಿಯಾದ ಮಾಂಟೆರೇ ಊರಿನ ರಕ್ಷಣಾ ಭಾಷಾ ಸಂಸ್ಥೆಯಲ್ಲಿ ಪಾಠ. ಅರೇಬಿಕ್, ಚೀನೀ, ಕೊರಿಯನ್‌ನಂಥ ಕಷ್ಟದ ಭಾಷೆಗಳಿಗೆ 64 ವಾರ! ಒಂದೂಕಾಲು ವರ್ಷ ಬೆಳಗಿಂದ ಸಂಜೆ ತನಕ ಅದೇ ಕೆಲಸ.

ಇಷ್ಟು ಖರ್ಚು ಮಾಡಿ ತಯಾರಾದ ಮನುಷ್ಯ ತನ್ನ ಊರಿಗೆ ವಾಪಸ್ ಹೋಗುತ್ತಾನೆ. ಆಮೇಲೆ? ವರ್ಷಕ್ಕೆ 39 ದಿನ. ಅದರಲ್ಲಿ ಗುಂಡು ಹೊಡೆಯುವ ಅಭ್ಯಾಸಕ್ಕೆ ಒಂದಷ್ಟು, ದೈಹಿಕ ಪರೀಕ್ಷೆಗೆ ಒಂದಷ್ಟು, ಇಂಜೆಕ್ಷನ್ನಿಗೆ ಒಂದಷ್ಟು, ಫಾರಂ ತುಂಬುವುದಕ್ಕೆ ಬೇಕಾದಷ್ಟು. ಉಳಿದದ್ದು ಭಾಷೆಗೆ. ಭಾಷೆ ಉಪ್ಪಿನಕಾಯಿ ಅಲ್ಲ, ಜಾಡಿಗೆ ತುಂಬಿ ಬಟ್ಟೆ ಕಟ್ಟಿಟ್ಟರೆ ವರ್ಷವೆಲ್ಲ ಇರುವುದಕ್ಕೆ. ಅದು ಹಾಲು, ದಿನಾ ಕಾಯಿಸಬೇಕು. ಹೊರದೇಶದಲ್ಲಿ ಮಕ್ಕಳಿಗೆ ಕನ್ನಡ ಉಳಿಸಲು ಒದ್ದಾಡುತ್ತಿರುವ ಗೆಳೆಯರಿಗೆ ನಾನು ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ತೊಡಕು ಇನ್ನೂ ತಮಾಷೆಯದು. ರಹಸ್ಯ ಕಾಗದಪತ್ರಗಳನ್ನು ಎಲ್ಲೆಂದರಲ್ಲಿ ಓದುವ ಹಾಗಿಲ್ಲ. ಅದಕ್ಕೆ ಸರ್ಕಾರ ಒಪ್ಪಿದ ವಿಶೇಷ ಕೋಣೆಯೇ ಬೇಕು. ಒಳಗೆ ಮೊಬೈಲ್ ಒಯ್ಯುವಂತಿಲ್ಲ, ಮಾತು ಹೊರಗೆ ಕೇಳುವಂತಿಲ್ಲ, ಬಾಗಿಲಿಗೆ ಕಾವಲು ಲೆಕ್ಕ ಎಲ್ಲ ಇರಬೇಕು. ಸಣ್ಣ ಊರಿನ ರಿಸರ್ವ್ ಕಟ್ಟಡದಲ್ಲಿ ಅಂಥ ಕೋಣೆ ಇಲ್ಲದಿದ್ದರೆ? ವಿಶ್ಲೇಷಕನಿಗೆ ವಿಶ್ಲೇಷಿಸಲು ಏನೂ ಇಲ್ಲ. ವಾರಾಂತ್ಯಕ್ಕೆ ಬಂದವನು ಜೀಪು ತೊಳೆದು ಹೋಗುತ್ತಾನೆ. ಇದಕ್ಕಾಗಿಯೇ ಆರ್ಮಿ ರಿಸರ್ವ್ ಬೇರೆ ಬೇರೆ ಕಡೆ ಇಂಟೆಲಿಜೆನ್ಸ್ ಸಪೋರ್ಟ್ ಸೆಂಟರ್‌ಗಳನ್ನು ಮಾಡಿಕೊಂಡಿತು. ಘಟಕದವರು ಅಲ್ಲಿಗೆ ಬಂದು, ತಮ್ಮ ಊರಿನ ಹತ್ತಿರವೇ ಕೂತು, ಎಲ್ಲೋ ದೂರದ ಕಮಾಂಡಿಗೆ ನಿಜವಾದ ಕೆಲಸ ಮಾಡಿಕೊಡಬಹುದು. ಬುದ್ಧಿವಂತಿಕೆಯ ಏರ್ಪಾಡು. ಒಪ್ಪಿದೆ.

ಆದರೆ ಈ ಎಲ್ಲ ಬೇಹುಗಾರಿಕೆ ಘಟಕಗಳಿಗೂ ಒಬ್ಬನೇ ಯಜಮಾನ ಅಂತ ಬಂದದ್ದು ಯಾವಾಗ ಗೊತ್ತೇ? 2005ರಲ್ಲಿ. ವರ್ಜೀನಿಯಾದ ಫೋರ್ಟ್ ಬೆಲ್ವಾರ್‌ನಲ್ಲಿ ಮಿಲಿಟರಿ ಇಂಟೆಲಿಜೆನ್ಸ್ ರೆಡಿನೆಸ್ ಕಮಾಂಡ್ ಅಂತ ಕಟ್ಟಿ, ಹೆಚ್ಚಿನ ಘಟಕಗಳನ್ನು ಅದರ ಕೆಳಗೆ ತಂದರು. ಅದಕ್ಕೆ ಮುಂಚೆ ಅವು ಪ್ರಾದೇಶಿಕ ಕಮಾಂಡ್‌ಗಳ ಕೆಳಗೆ ಲಾರಿ, ಆಸ್ಪತ್ರೆ ಘಟಕಗಳ ಜೊತೆ ಚದುರಿಕೊಂಡಿದ್ದವು. ಅಬು ಘ್ರೈಬ್ ನಡೆದದ್ದು 2003ರಲ್ಲಿ. ಕೋಟೆ ಸೂರೆ ಹೋದ ಮೇಲೆ ಬಾಗಿಲು ಹಾಕಿದರು ಅಂತಾರಲ್ಲ, ಹಾಗೆ.

ಇಲ್ಲಿ ಒಂದು ಮಾತು. "ಅರೆಕಾಲಿಕರಿಂದ ಬೇಹುಗಾರಿಕೆ ಆಗೋದೇ ಇಲ್ಲ" ಅನ್ನುವವರಿಗೆ ಎರಡು ಉದಾಹರಣೆ ಕೊಡುತ್ತೇನೆ.

ಮೊದಲನೆಯದು ಯೂಟಾ ರಾಜ್ಯದ್ದು. ಅಲ್ಲಿನ ನ್ಯಾಷನಲ್ ಗಾರ್ಡ್‌ನಲ್ಲಿ 300ನೇ ಮಿಲಿಟರಿ ಇಂಟೆಲಿಜೆನ್ಸ್ ಬ್ರಿಗೇಡ್ ಇದೆ, ಡ್ರೇಪರ್ ಅನ್ನುವ ಊರಿನಲ್ಲಿ ಅದರ ಮುಖ್ಯ ಕಚೇರಿ. ಅದು ಭಾಷಾತಜ್ಞರ ಬ್ರಿಗೇಡ್. ಅಲ್ಲೇ ಯಾಕೆ? ಯೂಟಾದಲ್ಲಿ ಮಾರ್ಮನ್ ಪಂಥದವರು ಹೆಚ್ಚು. ಅವರ ಹುಡುಗರು ಎರಡು ವರ್ಷ ಧರ್ಮಪ್ರಚಾರಕ್ಕೆ ಹೋಗುವ ಪದ್ಧತಿ ಇದೆ. ಅನೇಕರು ಹೊರದೇಶಗಳಿಗೆ ಹೋಗಿ, ಅಲ್ಲಿನ ಜನರ ಮನೆ ಬಾಗಿಲು ತಟ್ಟಿ, ಬೈಸಿಕೊಂಡು, ಊಟ ಮಾಡಿ, ಅವರ ಭಾಷೆ ಕಲಿತು ಬರುತ್ತಾರೆ. ಆ ಪಂಥದ ಬಗ್ಗೆ ನಿಮ್ಮ ಅಭಿಪ್ರಾಯ ಏನೇ ಇರಲಿ, ಭಾಷೆ ಕಲಿಯಲು ಇದಕ್ಕಿಂತ ಒಳ್ಳೆಯ ಶಾಲೆ ಯಾವುದಿದೆ? ಸೈನ್ಯ ಇಲ್ಲಿ ಒಂದು ಜಾಣ ಕೆಲಸ ಮಾಡಿತು. ವಿದ್ಯೆ ಎಲ್ಲಿತ್ತೋ ಅಲ್ಲೇ ಹೋಗಿ ಘಟಕ ಕಟ್ಟಿತು.

ಎರಡನೆಯದು ನಮ್ಮ ಊರಿಗೇ ಸಂಬಂಧಿಸಿದ್ದು. ಎರಡನೇ ಮಹಾಯುದ್ಧದಲ್ಲಿ ಜಪಾನೀಯರ ಗುಪ್ತ ಸಂದೇಶ ಒಡೆಯಲು ಬ್ರಿಟಿಷರು ದೆಹಲಿಯ ಆನಂದ ಪರ್ಬತ್‌ನ ರಾಮ್‌ಜಸ್ ಕಾಲೇಜಿನಲ್ಲಿ ವೈರ್‌ಲೆಸ್ ಎಕ್ಸ್‌ಪೆರಿಮೆಂಟಲ್ ಸೆಂಟರ್ ಅಂತ ನಡೆಸಿದರು. ಹೆಸರಿಗೆ ಪ್ರಯೋಗಶಾಲೆ, ಒಳಗೆ ನಡೆಯುತ್ತಿದ್ದುದು ಬ್ಲೆಚ್ಲಿ ಪಾರ್ಕಿನ ಕೆಲಸ. ಅದರ ಉಪಕೇಂದ್ರಗಳಲ್ಲಿ ಒಂದು ಬೆಂಗಳೂರಿನಲ್ಲಿತ್ತು! ಇಂಥ ಕೆಲಸಕ್ಕೆ ಅವರು ಜನರನ್ನು ಎಲ್ಲಿಂದ ತಂದರು? ಯೂನಿವರ್ಸಿಟಿಗಳಲ್ಲಿ ಗ್ರೀಕ್, ಲ್ಯಾಟಿನ್ ಓದುತ್ತಿದ್ದ ಹುಡುಗರನ್ನು 1942ರಿಂದ ಬೆಡ್‌ಫರ್ಡ್ ಊರಿನಲ್ಲಿ ಕೂರಿಸಿ, ಆಸ್ವಾಲ್ಡ್ ಟಕ್ ಅನ್ನುವ ನಿವೃತ್ತ ನೌಕಾಧಿಕಾರಿಯಿಂದ ಆರು ತಿಂಗಳಲ್ಲಿ ಜಪಾನೀ ಕಲಿಸಿದರು. ಜಪಾನೀ ಕಲಿಯಲು ವರ್ಷಗಟ್ಟಲೆ ಬೇಕು ಅಂತ ಪಂಡಿತರು ತಲೆಯಾಡಿಸುತ್ತಿದ್ದಾಗ ಇವರು ಕಲಿತು ಕೆಲಸಕ್ಕೆ ಕೂತೇಬಿಟ್ಟರು. ಯಾರೂ ಹುಟ್ಟಾ ಸೈನಿಕರಲ್ಲ. ಯುದ್ಧ ಮುಗಿದ ಮೇಲೆ ಬಹಳಷ್ಟು ಜನ ಮತ್ತೆ ತಮ್ಮ ಪುಸ್ತಕಗಳಿಗೆ ಹೋದರು.

ಈ ಎರಡರಲ್ಲೂ ಸಾಮಾನ್ಯವಾದದ್ದು ಏನು? ಜನ ಸೈನ್ಯದ ಹೊರಗಿನವರೇ. ಆದರೆ ಅವರನ್ನು ಒಟ್ಟಿಗೆ ಕೂರಿಸಿದರು, ಒಂದೇ ಕೆಲಸ ಕೊಟ್ಟರು, ಅವರ ಮೇಲೆ ಕೆಲಸ ಗೊತ್ತಿದ್ದ ಹಿರಿಯರನ್ನು ಇಟ್ಟರು. ತಪ್ಪಿದರೆ ಪಕ್ಕದವನು ಕಿವಿ ಹಿಂಡುತ್ತಿದ್ದ.

ಈಗ ಅಬು ಘ್ರೈಬ್‌ಗೆ ಬನ್ನಿ. 2003ರ ಸೆಪ್ಟೆಂಬರಿನಲ್ಲಿ ಅಲ್ಲಿ ವಿಚಾರಣಾ ಕೇಂದ್ರ ಒಂದನ್ನು ತೆರೆದರು. ಅದರ ಉಸ್ತುವಾರಿ 205ನೇ ಮಿಲಿಟರಿ ಇಂಟೆಲಿಜೆನ್ಸ್ ಬ್ರಿಗೇಡ್‌ನದು. ಗಮನಿಸಿ, ಇದು ಪೂರ್ಣಾವಧಿ ಸೈನ್ಯದ ಬ್ರಿಗೇಡ್, ರಿಸರ್ವ್ ಅಲ್ಲ. ಆದರೆ ಕೇಂದ್ರದಲ್ಲಿ ಕೆಲಸಕ್ಕಿದ್ದವರು ಆರು ಬೇರೆ ಬೇರೆ ಬೆಟಾಲಿಯನ್ ಮತ್ತು ಗುಂಪುಗಳಿಂದ ಬಂದವರು. 323 ಮತ್ತು 325ನೇ ಬೆಟಾಲಿಯನ್‌ಗಳು ಆರ್ಮಿ ರಿಸರ್ವ್‌ನವು, 325ರದ್ದು ಕನೆಕ್ಟಿಕಟ್ ರಾಜ್ಯ. ಮಿಕ್ಕವು ಖಾಯಂ. ಇವರ ಜೊತೆಗೆ ಗ್ವಾಂಟನಾಮೋದಿಂದ ಬಂದ ತಂಡದವರು, ಖಾಸಗಿ ಕಂಪನಿಯ ದುಭಾಷಿಗಳು, ಖಾಸಗಿ ಕಂಪನಿಯ ವಿಚಾರಣೆಗಾರರು. ಒಬ್ಬರ ಮುಖ ಒಬ್ಬರಿಗೆ ಗೊತ್ತಿಲ್ಲ. ಯಾರು ಯಾರ ಮೇಲಿನವರು ಅನ್ನುವುದೂ ಗೊತ್ತಿಲ್ಲ.

ಹೊರಗೆ ಕಾವಲಿಗೆ 800ನೇ ಮಿಲಿಟರಿ ಪೊಲೀಸ್ ಬ್ರಿಗೇಡ್, ಇದು ರಿಸರ್ವ್‌ನದು. ಮಾಜಿ ರಕ್ಷಣಾ ಕಾರ್ಯದರ್ಶಿ ಜೇಮ್ಸ್ ಶ್ಲೆಸಿಂಜರ್ ನೇತೃತ್ವದ ಸಮಿತಿ 2004ರಲ್ಲಿ ಕೊಟ್ಟ ಲೆಕ್ಕ ಕೇಳಿ: 2003ರ ಅಕ್ಟೋಬರಿನಲ್ಲಿ ಅಲ್ಲಿ ಏಳು ಸಾವಿರದ ತನಕ ಕೈದಿಗಳು, ಕಾವಲಿಗೆ ಸುಮಾರು 90 ಮಂದಿ. ಒಬ್ಬ ಕಾವಲುಗಾರನಿಗೆ 75 ಕೈದಿ! ಅದೇ ಗ್ವಾಂಟನಾಮೋದಲ್ಲಿ ಒಬ್ಬನಿಗೆ ಒಬ್ಬ. ಖಾಯಂ ಸೈನಿಕರನ್ನೇ ಈ ಲೆಕ್ಕದಲ್ಲಿ ನಿಲ್ಲಿಸಿದ್ದರೆ ಅವರು ದೇವತೆಗಳಾಗುತ್ತಿದ್ದರೇ?

ಆ ಕೈದಿಗಳು ಯಾರು ಅನ್ನುವುದನ್ನೂ ಮರೆಯಬೇಡಿ. 2004ರ ಫೆಬ್ರವರಿಯ ರೆಡ್ ಕ್ರಾಸ್ ವರದಿಯಲ್ಲಿ ಒಂದು ಸಾಲು ಇದೆ. ಇರಾಕಿನಲ್ಲಿ ಹಿಡಿದಿಟ್ಟವರಲ್ಲಿ ನೂರಕ್ಕೆ 70ರಿಂದ 90 ಮಂದಿಯನ್ನು ತಪ್ಪಾಗಿ ಹಿಡಿಯಲಾಗಿದೆ ಅಂತ ರೆಡ್ ಕ್ರಾಸ್‌ನವರಿಗೆ ಹೇಳಿದ್ದು ಬೇರಾರೂ ಅಲ್ಲ, ಕೆಲವು ಮಿಲಿಟರಿ ಇಂಟೆಲಿಜೆನ್ಸ್ ಅಧಿಕಾರಿಗಳೇ. ಬೇಹುಗಾರಿಕೆಯ ಕೆಲಸವೇ ಕಾಳನ್ನೂ ಜೊಳ್ಳನ್ನೂ ಬೇರೆ ಮಾಡುವುದು. ಮೊರ ಹಿಡಿಯಬೇಕಾದವರು ಒಟ್ಟಾಗಿ ಇಲ್ಲದಿದ್ದರೆ ಜೊಳ್ಳೆಲ್ಲ ಕಣಜ ಸೇರುತ್ತದೆ. ಇಲ್ಲಿ "ಜೊಳ್ಳು" ಅಂದರೆ ಯಾರದೋ ಅಪ್ಪ, ಯಾರದೋ ಮಗ.

ಈ ಇಂಟೆಲಿಜೆನ್ಸ್ ಘಟಕಗಳ ಪಾತ್ರದ ಬಗ್ಗೆ 2004ರ ಆಗಸ್ಟಿನಲ್ಲಿ ವರದಿ ಬರೆದವರು ಮೇಜರ್ ಜನರಲ್ ಜಾರ್ಜ್ ಫೇ. 44 ಹಿಂಸೆಯ ಪ್ರಕರಣಗಳನ್ನು ಅವರು ಪಟ್ಟಿ ಮಾಡಿದರು. ಅದರಲ್ಲಿ 16ರಲ್ಲಿ ಇಂಟೆಲಿಜೆನ್ಸ್‌ನವರೇ ಪೊಲೀಸರಿಗೆ ಕುಮ್ಮಕ್ಕು ಕೊಟ್ಟ ಆರೋಪ, 11ರಲ್ಲಿ ಅವರೇ ನೇರವಾಗಿ ಭಾಗಿ. ಮತ್ತೆ ಸಂಘಟನೆಯ ಬಗ್ಗೆ ಅವರು ಹೇಳಿದ್ದರ ಸಾರ ಇದು: ಈ ಕೇಂದ್ರವನ್ನು ಬೇರೆ ಬೇರೆ ಘಟಕಗಳ ಚೂರುಪಾರು ಸೇರಿಸಿ ಅವಸರದಲ್ಲಿ ಕಟ್ಟಲಾಯಿತು, ಘಟಕವೆಂಬ ಒಗ್ಗಟ್ಟು ಅಲ್ಲಿ ಇರಲಿಲ್ಲ, ಆ ಕೊರತೆಯೇ ಮಾರಕವಾಯಿತು. ಈ ಫೇ ಯಾರು ಅಂತೀರಿ? ಸ್ವತಃ ರಿಸರ್ವ್ ಅಧಿಕಾರಿ! ಯೂನಿಫಾರ್ಮ್ ಬಿಚ್ಚಿಟ್ಟರೆ ಒಂದು ಇನ್ಶೂರೆನ್ಸ್ ಕಂಪನಿಯಲ್ಲಿ ದೊಡ್ಡ ಹುದ್ದೆ. "ವಾರಾಂತ್ಯದ ಸೈನಿಕ"ರನ್ನು ಬೈಯುವವರು ಈ ವಾರಾಂತ್ಯದ ಜನರಲ್ ಬರೆದದ್ದನ್ನು ಒಮ್ಮೆ ಓದಬೇಕು.

ಸಾಫ್ಟ್‌ವೇರ್ ಗೆಳೆಯರಿಗೆ ಈಗ ಒಂದು ಸ್ಪೆಷಲ್ ಸುದ್ದಿ. ವಿಚಾರಣೆಗಾರರು ಸಾಲದೆ ಬಂದಾಗ ಸೈನ್ಯ ಸಿಎಸಿಐ ಅನ್ನುವ ಕಂಪನಿಯಿಂದ ಜನರನ್ನು ತರಿಸಿತು ಅಂದೆನಲ್ಲ, ಯಾವ ಗುತ್ತಿಗೆಯಲ್ಲಿ ಗೊತ್ತೇ? ಮಾಹಿತಿ ತಂತ್ರಜ್ಞಾನ ಸೇವೆಗಳ ಗುತ್ತಿಗೆಯಲ್ಲಿ! ಅದನ್ನು ನಿಭಾಯಿಸಿದ್ದೂ ರಕ್ಷಣಾ ಇಲಾಖೆಯಲ್ಲ, ನ್ಯಾಷನಲ್ ಪಾರ್ಕು, ಸರ್ಕಾರಿ ಜಮೀನು ನೋಡಿಕೊಳ್ಳುವ ಇಂಟೀರಿಯರ್ ಇಲಾಖೆ. ಬಾಡಿ ಶಾಪಿಂಗ್ ಅಂತ ನಾವು ತಮಾಷೆಗೆ ಅನ್ನುತ್ತೇವಲ್ಲ, ಇಲ್ಲಿ ಅದು ಅಕ್ಷರಶಃ ಆಯಿತು ನೋಡಿ. ಹಾಗೆ ಬಂದ ವಿಚಾರಣೆಗಾರರಲ್ಲಿ ನೂರಕ್ಕೆ ಸುಮಾರು 35 ಮಂದಿಗೆ ಸೈನ್ಯದ ವಿಚಾರಣಾ ತರಬೇತಿಯೇ ಆಗಿರಲಿಲ್ಲ ಅಂತ ಅದೇ ಫೇ ವರದಿ ಹೇಳುತ್ತದೆ. "ಪ್ರಾಜೆಕ್ಟಿಗೆ ನಾಲ್ಕು ರಿಸೋರ್ಸ್ ಬೇಕು, ಬೆಂಚಲ್ಲಿ ಯಾರಿದ್ದಾರೆ ಕಳಿಸಿ" ಅನ್ನುವ ಮ್ಯಾನೇಜರನ್ನು ನಾವೆಲ್ಲ ಕಂಡಿದ್ದೇವೆ. ಕೋಡಿನಲ್ಲಿ ಹಾಗೆ ಮಾಡಿದರೆ ಡೆಡ್‌ಲೈನ್ ತಪ್ಪುತ್ತದೆ. ಜೈಲಿನಲ್ಲಿ ಹಾಗೆ ಮಾಡಿದರೆ ಮನುಷ್ಯರ ಬೆನ್ನು ಮುರಿಯುತ್ತದೆ.

ಶಿಕ್ಷೆ ಯಾರಿಗಾಯಿತು? ನೀರು ಯಾವಾಗಲೂ ಕೆಳಕ್ಕೇ ಹರಿಯುವುದು ತಾನೆ. ಹನ್ನೊಂದು ಸೈನಿಕರಿಗೆ ಶಿಕ್ಷೆ ಆಯಿತು. ರಿಸರ್ವ್‌ನ 372ನೇ ಮಿಲಿಟರಿ ಪೊಲೀಸ್ ಕಂಪನಿಯ ಒಬ್ಬನಿಗೆ ಹತ್ತು ವರ್ಷ. 325ನೇ ಇಂಟೆಲಿಜೆನ್ಸ್ ಬೆಟಾಲಿಯನ್‌ನ ಇಬ್ಬರು ಮೀಸಲು ಸೈನಿಕರಿಗೆ ಎಂಟು ಮತ್ತು ಹತ್ತು ತಿಂಗಳು. ಇವರು ಮಾಡಿದ್ದಕ್ಕೆ ಇದು ಆಗಲೇಬೇಕಿತ್ತು, ಅದರಲ್ಲಿ ನನಗೆ ಕರುಣೆ ಇಲ್ಲ. ಆದರೆ ಮೇಲಿನವರು? 205ನೇ ಬ್ರಿಗೇಡ್‌ನ ಖಾಯಂ ಕರ್ನಲ್ ಥಾಮಸ್ ಪಪ್ಪಾಸ್‌ಗೆ 2005ರಲ್ಲಿ ವಾಗ್ದಂಡನೆ ಮತ್ತು ಎಂಟು ಸಾವಿರ ಡಾಲರ್ ದಂಡ. ಪೊಲೀಸ್ ಬ್ರಿಗೇಡ್‌ನ ಜನರಲ್ ಜಾನಿಸ್ ಕಾರ್ಪಿನ್ಸ್ಕಿಗೆ ಹಿಂಬಡ್ತಿ. ಆಕೆ ರಿಸರ್ವ್‌ನವರು. ಕೋರ್ಟ್ ಮಾರ್ಷಲ್ ಎದುರಿಸಿದ ಏಕೈಕ ಅಧಿಕಾರಿ ವಿಚಾರಣಾ ಕೇಂದ್ರದ ಲೆಫ್ಟಿನೆಂಟ್ ಕರ್ನಲ್ ಸ್ಟೀವನ್ ಜೋರ್ಡನ್. ಅವರೂ ರಿಸರ್ವ್‌ನವರು. ಅವರಿಗೆ ವಿಚಾರಣೆ ನಡೆಸುವ ತರಬೇತಿಯೇ ಇರಲಿಲ್ಲ. ಅಂಥವರನ್ನು ಅಲ್ಲಿ ಕೂರಿಸಿದವರು ಯಾರು ಅಂತ ಕೇಳಿದವರಿಲ್ಲ. 2007ರಲ್ಲಿ ಹಿಂಸೆಯ ಆರೋಪಗಳಿಂದ ಅವರು ಖುಲಾಸೆಯಾದರು. ತನಿಖೆಯ ಬಗ್ಗೆ ಮಾತಾಡಬೇಡ ಅನ್ನುವ ಆದೇಶ ಮೀರಿದ್ದಕ್ಕೆ ಆದ ಶಿಕ್ಷೆಯೂ 2008ರ ಜನವರಿಯಲ್ಲಿ ರದ್ದಾಯಿತು. ಅಲ್ಲಿಗೆ ಒಬ್ಬ ಅಧಿಕಾರಿಯೂ ಜೈಲಿಗೆ ಹೋಗಲಿಲ್ಲ. ಎರಡು ನಕ್ಷತ್ರದ ಫೇ ತನಗಿಂತ ಮೇಲಿನ ಮೂರು ನಕ್ಷತ್ರದ ಜನರಲ್‌ನನ್ನು ಪ್ರಶ್ನಿಸುವಂತಿಲ್ಲ ಅನ್ನುವ ನಿಯಮದಿಂದಾಗಿ ತನಿಖೆಯ ಮಧ್ಯದಲ್ಲಿ ಇನ್ನೊಬ್ಬ ಹಿರಿಯ ಜನರಲ್‌ನನ್ನು ಸೇರಿಸಬೇಕಾಯಿತು! ಕಂಪನಿಯ ವಿಷಯದಲ್ಲಿ ಮಾತ್ರ 2008ರಲ್ಲಿ ಹೂಡಿದ ದಾವೆ ಹದಿನಾರು ವರ್ಷ ತೆವಳಿ, 2024ರ ನವೆಂಬರಿನಲ್ಲಿ ವರ್ಜೀನಿಯಾದ ಜ್ಯೂರಿ ಮೂವರು ಇರಾಕಿಗಳಿಗೆ 4.2 ಕೋಟಿ ಡಾಲರ್ ಪರಿಹಾರ ಕೊಡಬೇಕು ಅಂತ ಸಿಎಸಿಐಗೆ ಹೇಳಿತು.

ಬಿಡಿಭಾಗದ ಸಂಘಟನೆಯ ಲಾಭ ಇದೇ ನೋಡಿ. ಎಲ್ಲರೂ ಬೇರೆ ಬೇರೆ ಕಡೆಯವರಾದರೆ ಯಾರೂ ಯಾರಿಗೂ ಹೊಣೆ ಅಲ್ಲ. ಕೊನೆಗೆ ಕೈಗೆ ಸಿಕ್ಕುವವನು ಫೋಟೋದಲ್ಲಿ ನಿಂತವನು ಮಾತ್ರ.

ಕೆಲವರ ಆಕ್ಷೇಪಣೆಗಳಿಗೂ ಉತ್ತರ ಕೊಟ್ಟುಬಿಡೋಣ. "ಅರೆಕಾಲಿಕರು ಗುಟ್ಟು ಕಾಪಾಡಲ್ಲ" ಅಂತ ಒಂದು ವಾದ. 2023ರಲ್ಲಿ ಮ್ಯಾಸಚೂಸೆಟ್ಸ್ ಏರ್ ನ್ಯಾಷನಲ್ ಗಾರ್ಡ್‌ನ ಜ್ಯಾಕ್ ಟೆಕ್ಸೇರಾ ರಹಸ್ಯ ದಾಖಲೆಗಳನ್ನು ಡಿಸ್ಕಾರ್ಡ್‌ನಲ್ಲಿ ಹಾಕಿ ಸಿಕ್ಕಿಬಿದ್ದ, 2024ರಲ್ಲಿ 15 ವರ್ಷ ಶಿಕ್ಷೆ ಆಯಿತು. ಸರಿ. ಆದರೆ ಸಿಐಎಯ ಆಲ್ಡ್ರಿಚ್ ಏಮ್ಸ್, ಎಫ್‌ಬಿಐನ ರಾಬರ್ಟ್ ಹ್ಯಾನ್ಸನ್ ವರ್ಷಗಟ್ಟಲೆ ರಷ್ಯನ್ನರಿಗೆ ಗುಟ್ಟು ಮಾರಿದರಲ್ಲ, ಅವರೇನು ವಾರಾಂತ್ಯಕ್ಕೆ ಬಂದು ಹೋಗುತ್ತಿದ್ದರೇ? ದ್ರೋಹಕ್ಕೆ ಹಾಜರಾತಿ ಪುಸ್ತಕ ಇಲ್ಲ ಸ್ವಾಮಿ. ಇನ್ನೊಂದು ವಾದ, "ಎಲ್ಲರನ್ನೂ ಖಾಯಂ ಮಾಡಿಬಿಡಿ" ಅಂತ. ಯಾವ ದೇಶವೂ ಜಗತ್ತಿನ ಎಲ್ಲ ಭಾಷೆಗಳಿಗೂ ಸಂಬಳ ಕೊಟ್ಟು ಜನ ಇಟ್ಟುಕೊಳ್ಳಲಾರದು. 2000ನೇ ಇಸವಿಯಲ್ಲಿ ಪಶ್ತೋ ಬಲ್ಲವರನ್ನು ನೂರಾರು ಸಂಖ್ಯೆಯಲ್ಲಿ ಖಾಯಂ ಮಾಡಿ ಅಂದಿದ್ದರೆ ಯಾವ ಲೆಕ್ಕಾಧಿಕಾರಿ ಒಪ್ಪುತ್ತಿದ್ದ? ಮೀಸಲು ಬೇಕೇ ಬೇಕು. ಪ್ರಶ್ನೆ ಇರುವುದು ಹೇಗೆ ಇಟ್ಟುಕೊಳ್ಳುತ್ತೀರಿ ಅನ್ನುವುದರಲ್ಲಿ.

ಈಗ ನಮ್ಮ ಮನೆಗೆ ಬರೋಣ. ಟೆರಿಟೋರಿಯಲ್ ಆರ್ಮಿ ಅಂದರೆ ನಮಗೆ ಥಟ್ಟನೆ ನೆನಪಾಗುವುದು ಧೋನಿ. 2019ರಲ್ಲಿ ಕಾಶ್ಮೀರದಲ್ಲಿ ಅವರು ಸೇರಿಕೊಂಡದ್ದು 106ನೇ ಪ್ಯಾರಾ ಬೆಟಾಲಿಯನ್ನನ್ನು, ಅದರ ನೆಲೆ ನಮ್ಮ ಬೆಂಗಳೂರೇ. ಆದರೆ ಟೆರಿಟೋರಿಯಲ್ ಆರ್ಮಿ ಸೆಲೆಬ್ರಿಟಿಗಳ ಫೋಟೋ ಮಾತ್ರ ಅಲ್ಲ. 1948ರ ಕಾಯ್ದೆ, 1949ರ ಅಕ್ಟೋಬರ್ 9ರಂದು ರಾಜಾಜಿಯವರಿಂದ ಉದ್ಘಾಟನೆ. ಕಾಲಾಳು ಪಡೆ, ರೈಲ್ವೆ, ತೈಲ ಕಂಪನಿಗಳ ಘಟಕ, ಕಾಡು ಬೆಳೆಸುವ ಪರಿಸರ ಬೆಟಾಲಿಯನ್, ಎಲ್ಲ ಇವೆ. ಈ ಪರಿಸರ ಬೆಟಾಲಿಯನ್ ನೋಡಿ, ಎಂಥ ಒಳ್ಳೆಯ ಮಾದರಿ. ಒಂದು ಕೆಲಸ, ಒಂದು ಜಾಗ, ಒಂದು ಘಟಕ.

ಇದೇ ಟೆರಿಟೋರಿಯಲ್ ಆರ್ಮಿ ಗಡಿಯಲ್ಲಿ ಚೀನೀ ಅಧಿಕಾರಿಗಳ ಜೊತೆಗಿನ ಸಭೆಗಳಿಗೆ ನೆರವಾಗಲು ಮ್ಯಾಂಡರಿನ್ ಬಲ್ಲ ಐದು ಮಂದಿಯನ್ನು ಸೇರಿಸಿಕೊಂಡಿತು ಅಂತ 2024ರ ಆರಂಭದಲ್ಲಿ ಸುದ್ದಿ ಬಂತು. ಐದೇ ಮಂದಿ, ನಗಬೇಡಿ. ಗಡಿಯ ಡೇರೆಯಲ್ಲಿ ಒಂದು ಶಬ್ದ ತಪ್ಪಾಗಿ ಅನುವಾದವಾದರೆ ಏನಾಗಬಹುದು ಅಂತ ಯೋಚಿಸಿ. ಇವರು ದುಭಾಷಿಗಳು, ಬೇಹುಗಾರರಲ್ಲ. ಆದರೆ ದಾರಿ ಅತ್ತ ಕಡೆಗೇ ಇದೆ. ಭಾಷೆಯವರ ಹಿಂದೆ ಕಂಪ್ಯೂಟರಿನವರು, ಅವರ ಹಿಂದೆ ವಿಶ್ಲೇಷಕರು ಬಂದೇ ಬರುತ್ತಾರೆ. ನಾನು ಅದನ್ನು ಬೇಡ ಅನ್ನುವುದಿಲ್ಲ. ಮೂರು ಷರತ್ತು ಹಾಕುತ್ತೇನೆ ಅಷ್ಟೆ.

ಒಂದು, ಕಟ್ಟುವುದಾದರೆ ಘಟಕವಾಗಿ ಕಟ್ಟಿ, ಕಳಿಸುವುದಾದರೆ ಘಟಕವಾಗಿ ಕಳಿಸಿ. ಅವರ ಹಿರಿಯನೂ ಅವರ ಜೊತೆಗೇ ಹೋಗಲಿ. ಅಲ್ಲೊಬ್ಬ ಇಲ್ಲೊಬ್ಬ ಅಂತ ಹಂಚಿ ಖಾಲಿ ಜಾಗ ತುಂಬುವ ಚಾಳಿ ಬೇಡ.

ಎರಡು, ಕರೆ ಬರದ ದಿನಗಳಲ್ಲೂ ಕೈಗೆ ಕೆಲಸ ಕೊಡಿ. ಯೂನಿವರ್ಸಿಟಿಯ ಭಾಷಾ ವಿಭಾಗ ಇದ್ದ ಊರಿನಲ್ಲೇ ಘಟಕ ಇರಲಿ. ಹಾಲು ಕಾಯಿಸುವ ಒಲೆ ಹತ್ತಿರ ಇರಲಿ.

ಮೂರನೆಯದು ಎಲ್ಲಕ್ಕಿಂತ ಮುಖ್ಯ, ಅದು ಗೋಡೆ. ಮೀಸಲು ಬೇಹುಗಾರ ಅಂದರೆ ವರ್ಷದ ಬಹುಪಾಲು ನಮ್ಮ ಬೀದಿಯಲ್ಲೇ ವಾಸಿಸುವ, ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲೇ ಇರುವ ಮನುಷ್ಯ. ಅವನ ಕಿವಿ ಹೊರಗಿನ ಶತ್ರುವಿಗೆ ಮಾತ್ರ ಮೀಸಲಾಗಿರಬೇಕು. 1970ರಲ್ಲಿ ಕ್ರಿಸ್ಟೋಫರ್ ಪೈಲ್ ಅನ್ನುವ ಮಾಜಿ ಸೇನಾ ಇಂಟೆಲಿಜೆನ್ಸ್ ಕ್ಯಾಪ್ಟನ್ ಬರೆದ ಲೇಖನ ಅಮೆರಿಕಾವನ್ನು ಬೆಚ್ಚಿಬೀಳಿಸಿತು. ಸೈನ್ಯದ ಸುಮಾರು ಸಾವಿರ ಮಂದಿ ಸಾದಾ ಉಡುಪಿನಲ್ಲಿ, ಮುನ್ನೂರು ಕಚೇರಿಗಳಿಂದ, ಸ್ವಂತ ದೇಶದ ಚಳವಳಿಗಾರರ ಮೇಲೆ ಕಣ್ಣಿಟ್ಟಿದ್ದರು. ಅವರು ಪೂರ್ಣಾವಧಿ ಸೈನ್ಯದವರೇ. ಸೆನೆಟರ್ ಸ್ಯಾಮ್ ಎರ್ವಿನ್ 1971ರಲ್ಲಿ ಬಹಿರಂಗ ವಿಚಾರಣೆ ನಡೆಸಿದರು. ಅಲ್ಲಿ ಕೇಳುವುದಕ್ಕೆ ಒಬ್ಬ ಸೆನೆಟರ್ ಇದ್ದ. ನಮ್ಮಲ್ಲಿ? ಐಬಿ, ರಾ ಎರಡೂ ಸಂಸತ್ತಿನ ಕಾಯ್ದೆಯಿಂದ ಹುಟ್ಟಿದವಲ್ಲ, ಅವುಗಳನ್ನು ಕೂರಿಸಿ ಕೇಳುವ ಸಂಸದೀಯ ಸಮಿತಿಯೂ ಇಲ್ಲ. ಖಾಯಂ ಬೇಹುಗಾರರನ್ನೇ ಕೇಳುವವರಿಲ್ಲದ ಕಡೆ ಅರೆಕಾಲಿಕರನ್ನು ಕೇಳುವವರು ಯಾರು? ಕಾನೂನು ಮೊದಲು ಬರಲಿ, ಯೂನಿಫಾರ್ಮ್ ಆಮೇಲೆ.

ಇಷ್ಟನ್ನೂ ಬಿಟ್ಟು ಬರೀ ದೇಶಭಕ್ತಿಯ ಹುರುಪಿನಲ್ಲಿ "ನಮ್ಮ ಐಟಿ ಹುಡುಗರನ್ನೆಲ್ಲ ಬೇಹುಗಾರಿಕೆಗೆ ಹಾಕಿ" ಅನ್ನುವವರು ಆ ಹುಡುಗರಿಗೂ ಒಳ್ಳೆಯದು ಮಾಡುತ್ತಿಲ್ಲ, ದೇಶಕ್ಕೂ ಮಾಡುತ್ತಿಲ್ಲ. ನಾಳೆ ಏನಾದರೂ ಎಡವಟ್ಟಾದರೆ ಆ ಹುಡುಗರನ್ನೇ ತೋರಿಸಿ "ಅವರು ಅಸಲಿ ಸೈನಿಕರಲ್ಲ ಬಿಡಿ" ಅನ್ನುವ ಮೊದಲಿಗರೂ ಇವರೇ ಆಗಿರುತ್ತಾರೆ.

ಸೈನ್ಯದಲ್ಲಿ ಇದ್ದು ಬಂದವರು, ಟೆರಿಟೋರಿಯಲ್ ಆರ್ಮಿಯಲ್ಲಿ ಇರುವವರು, ಅಮೆರಿಕಾದಲ್ಲಿ ಇದನ್ನೆಲ್ಲ ಹತ್ತಿರದಿಂದ ಕಂಡ ಕನ್ನಡಿಗರು ಯಾರಾದರೂ ಓದುತ್ತಿದ್ದರೆ ದಯವಿಟ್ಟು ಬರೆಯಿರಿ. ಬೈಯುವುದಿದ್ದರೂ ಬೈಯಿರಿ. ಆದರೆ ಮೂರನೇ ಷರತ್ತಿಗೆ ಉತ್ತರ ಕೊಟ್ಟು ಬೈಯಿರಿ. ಏನಂತೀರಿ?